ಪದವಿ ಮುಗಿದ ಮೇಲೆ ಓದಿನ ದಾರಿ ಬದಲಿಸಬಹುದೇ?



ಅಂಬ್ಲಿಗೊಳ ಜಲಾಶಯದ ಸಮೀಪದ ಹಳ್ಳಿಯೊಂದರಲ್ಲಿ ಭತ್ತದ ಕ್ಷೇತ್ರೋತ್ಸವ ಮುಗಿಸಿ ಹೊರಡುವ ವೇಳೆಗೆ ಹಿರಿಯ ರೈತರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಬೆಂಕಿ ರೋಗದ ವಿಷಯವನ್ನೋ ಗೊಬ್ಬರದ ವಿಷಯವನ್ನೋ ಕೇಳುತ್ತಾರೆಂದು ಭಾವಿಸಿದ್ದೆ. ಅವರು ಕೇಳಿದ್ದು ಬೇರೆಯೇ ಪ್ರಶ್ನೆ.

“ಸಾರ್, ನಮ್ಮ ಹುಡುಗಿ ಬಿ.ಎ. ಪಾಸು ಮಾಡ್ಯಾಳೆ. ಸಾಲ ಮಾಡಿ ಓದಿಸಿದ್ದು. ಈಗ ಕೃಷಿ ಓದ್ತೀನಿ ಅಂತ ಕುಂತಾಳೆ. ಮೂರು ವರ್ಷ ಓದಿದ್ದು ಹೊಳೇಲಿ ಹುಣಸೇಹಣ್ಣು ತೊಳೆದಂಗಾತಲ್ಲ?”

ಕತ್ತಲಾಗುತ್ತಿತ್ತು. ಜೀಪು ಹೊರಟು ನಿಂತಿತ್ತು. “ಬಿ.ಎ. ಓದಿದವರಿಗೆ ಕೃಷಿ ಕಾಲೇಜಿನಲ್ಲಿ ಸೀಟು ಸಿಗುವುದಿಲ್ಲ ಯಜಮಾನರೇ” ಎಂದು ಹೇಳಿ ಹತ್ತಿಬಿಟ್ಟೆ. ಆ ಹುಡುಗಿ ಅಲ್ಲೇ ಬದುವಿನ ಮೇಲೆ ನಿಂತಿದ್ದಳು. ಕೈಯಲ್ಲೊಂದು ನೋಟ್ ಪುಸ್ತಕವಿತ್ತು. ಅಂದು ನಾವು ಹೇಳಿದ್ದನ್ನೆಲ್ಲಾ ಬರೆದುಕೊಂಡವರು ಇಡೀ ಗುಂಪಿನಲ್ಲಿ ಆಕೆಯೊಬ್ಬಳೇ ಎಂಬುದು ದಾರಿಯಲ್ಲಿ ನೆನಪಾಯಿತು.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅದು ಅರ್ಧ ಉತ್ತರ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ತಮ್ಮಲ್ಲಿ ಅನೇಕರ ಮನೆಯಲ್ಲೂ ಇರಬಹುದು. ಮಗ ಬಿ.ಕಾಂ. ಮುಗಿಸಿ ತೋಟಕ್ಕೆ ಮರಳಿರಬಹುದು, ಮಗಳು ಬಿ.ಎಸ್ಸಿ. ಮುಗಿಸಿ ಬೇರೆ ಏನನ್ನೋ ಓದುವ ಆಸೆ ಇಟ್ಟುಕೊಂಡಿರಬಹುದು. ಒಂದು ಪದವಿ ಮುಗಿದ ಮೇಲೆ ಬೇರೊಂದು ವಿಷಯಕ್ಕೆ ಹೊರಳುವುದು ಸರಿಯೇ? ಅದರಿಂದ ಲಾಭವೆಷ್ಟು, ನಷ್ಟವೆಷ್ಟು?

ಗದ್ದೆಯನ್ನು ತೋಟ ಮಾಡಿದವರು ತಾವು

ಈ ಪ್ರಶ್ನೆಗೆ ಉತ್ತರ ತಮ್ಮ ಜಮೀನಿನಲ್ಲೇ ಇದೆ. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಎಷ್ಟೋ ಭತ್ತದ ಗದ್ದೆಗಳು ಅಡಿಕೆ ತೋಟಗಳಾಗಿವೆ. ಮಕ್ಕಿ ಹೊಲಗಳಿಗೆ ಮುಸುಕಿನ ಜೋಳ ಬಂದಿದೆ, ಶುಂಠಿ ಬಂದಿದೆ. ಹೀಗೆ ಬೆಳೆ ಬದಲಿಸಿದ ರೈತನನ್ನು ಯಾರೂ “ನಿನ್ನ ತಂದೆ ಭತ್ತ ಬೆಳೆದ ಮೂವತ್ತು ವರ್ಷ ವ್ಯರ್ಥವಾಯಿತು” ಎಂದು ಹೇಳುವುದಿಲ್ಲ.

ಹಾಗೆಂದು ಬೆಳೆ ಬದಲಾವಣೆ ಪುಕ್ಕಟೆಯಾಗಿ ಆಗಲಿಲ್ಲ ಎಂಬುದೂ ತಮಗೆ ಗೊತ್ತು. ಭತ್ತಕ್ಕೆ ನಿಂತ ನೀರು ಬೇಕು. ಅಡಿಕೆಯ ಬೇರಿಗೆ ನಿಂತ ನೀರು ಆಗದು. ಆದ್ದರಿಂದ ಗದ್ದೆಯನ್ನು ತೋಟ ಮಾಡುವವನು ಮೊದಲು ಬಸಿಗಾಲುವೆ ತೆಗೆಯಬೇಕು. ತೆಗೆಯದೆ ಸಸಿ ನೆಟ್ಟವರ ತೋಟಗಳಲ್ಲಿ ಮಳೆಗಾಲ ಕಳೆಯುವಷ್ಟರಲ್ಲಿ ಸಸಿಗಳು ಹಳದಿಯಾಗಿ ಸೊರಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ಇನ್ನೊಂದು ಅಂಶವನ್ನೂ ಗಮನಿಸಬೇಕು. ಬಸಿಗಾಲುವೆಯನ್ನು ಯಾವ ಕಡೆಗೆ ಇಳಿಜಾರು ಕೊಟ್ಟು ತೆಗೆಯಬೇಕೆಂಬುದು ಆ ಗದ್ದೆಯಲ್ಲಿ ವರ್ಷಗಟ್ಟಲೆ ನೀರು ಕಟ್ಟಿದವನಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಅಂದರೆ ಭತ್ತ ಕಲಿಸಿದ ಪಾಠವೇ ಅಡಿಕೆಗೂ ನೆರವಾಯಿತು.

ಓದಿನ ವಿಷಯ ಬದಲಿಸುವುದೂ ಹೀಗೆಯೇ. ಹಳೆಯ ಓದು ಹೊಸ ಓದಿಗೆ ನೆರವಾಗುತ್ತದೆ. ಆದರೆ ನಡುವೆ ಬಸಿಗಾಲುವೆ ತೆಗೆಯುವ ಖರ್ಚು ಇದ್ದೇ ಇದೆ. ಆ ಖರ್ಚನ್ನು ಮೊದಲೇ ಲೆಕ್ಕ ಹಾಕಿದವರು ಗೆಲ್ಲುತ್ತಾರೆ.

ದಾರಿ ಬದಲಿಸಿದ ಹಿರಿಯರು

ನಮ್ಮ ನಾಡಿನಲ್ಲಿ ಇದಕ್ಕೆ ಎಲ್ಲರಿಗೂ ತಿಳಿದ ಉದಾಹರಣೆ ಸರ್ ಎಂ. ವಿಶ್ವೇಶ್ವರಯ್ಯನವರು. ಅವರು ಮೊದಲು ಎಂಜಿನಿಯರಿಂಗ್ ಓದಿದವರಲ್ಲ ಎಂಬುದು ಹಲವರಿಗೆ ತಿಳಿದಿರಲಾರದು. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡು, ಸೆಂಟ್ರಲ್ ಕಾಲೇಜಿನಿಂದ 1881ರಲ್ಲಿ ಬಿ.ಎ. ಮುಗಿಸಿದರು. ಆ ಕಾಲಕ್ಕೆ ಬಿ.ಎ. ಎಂದರೆ ಸರ್ಕಾರಿ ನೌಕರಿಗೆ ದೊಡ್ಡ ಅರ್ಹತೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ ಸಿವಿಲ್ ಎಂಜಿನಿಯರಿಂಗ್ ಓದಿದರು. 1883ರ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದು, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ನೀರಾವರಿ ರೈತರಾದ ತಾವು ಅವರ ಇನ್ನೊಂದು ಕೆಲಸವನ್ನು ತಿಳಿದಿರಬೇಕು. ದಖ್ಖನಿನ ಕಾಲುವೆಗಳಲ್ಲಿ ಮೇಲ್ಭಾಗದ ರೈತರು ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿ ಭೂಮಿ ಜವುಗಾಗುತ್ತಿತ್ತು, ಕೊನೆಯಂಚಿನವರಿಗೆ ನೀರು ತಲುಪುತ್ತಿರಲಿಲ್ಲ. ಇದಕ್ಕೆ ಅವರು ಬ್ಲಾಕ್ ಪದ್ಧತಿಯನ್ನು ರೂಪಿಸಿದರು. ಅಚ್ಚುಕಟ್ಟನ್ನು ಬ್ಲಾಕುಗಳಾಗಿ ವಿಂಗಡಿಸಿ, ಮೂರನೆಯ ಒಂದು ಭಾಗದಷ್ಟರಲ್ಲಿ ಮಾತ್ರ ಕಬ್ಬು, ಉಳಿದುದರಲ್ಲಿ ಕಡಿಮೆ ನೀರಿನ ಬೆಳೆಗಳು, ಮತ್ತು ಇವೆರಡರ ಸರದಿ. ಇದರಲ್ಲಿ ಎಂಜಿನಿಯರಿಂಗ್ ಎಷ್ಟಿದೆಯೋ ಬೇಸಾಯಶಾಸ್ತ್ರವೂ ಅಷ್ಟೇ ಇದೆ. ಹಳ್ಳಿಹಳ್ಳಿಗೆ ನೀರು ಹಂಚುವ ಆಡಳಿತವೂ ಇದೆ. ಒಂದೇ ವಿಷಯದ ಗೋಡೆಯೊಳಗೆ ಕುಳಿತು ಯೋಚಿಸಿದರೆ ಇಂತಹ ಪದ್ಧತಿ ಹೊಳೆಯುವುದು ಕಷ್ಟ. ಅಂಬ್ಲಿಗೊಳದ ಕಾಲುವೆಯಾಗಲಿ ಬೇರೆ ಯಾವ ಕಾಲುವೆಯಾಗಲಿ, ಕೊನೆಯಂಚಿನ ರೈತನ ಕಷ್ಟ ಇಂದಿಗೂ ಅದೇ.

ಕೃಷಿ ವಿಜ್ಞಾನದಲ್ಲಿಯೂ ಹೀಗೆ ಹೊರಳಿ ಬಂದವರಿದ್ದಾರೆ. ಡಾ. ಎಂ. ಎಸ್. ಸ್ವಾಮಿನಾಥನ್ ಅವರು ತಿರುವನಂತಪುರದಲ್ಲಿ ಮೊದಲು ಓದಿದ್ದು ಪ್ರಾಣಿಶಾಸ್ತ್ರ. 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತ ಸುದ್ದಿ ಆ ಯುವಕನ ಮನಸ್ಸನ್ನು ಕಲಕಿತು. ಪ್ರಾಣಿಶಾಸ್ತ್ರದ ಪದವಿಯ ನಂತರ ಕೊಯಮತ್ತೂರಿನ ಕೃಷಿ ಕಾಲೇಜಿಗೆ ಸೇರಿ ಎರಡನೆಯ ಪದವಿ ಪಡೆದರು. ಮುಂದೆ ಪೊಲೀಸ್ ಸೇವೆಗೆ ಆಯ್ಕೆಯಾದರೂ ಅದನ್ನು ಬಿಟ್ಟು ತಳಿಶಾಸ್ತ್ರದ ಓದಿಗೆ ಹಾಲೆಂಡಿಗೆ ಹೋದರು. ಗೋಧಿಯ ಕ್ರಾಂತಿಯಲ್ಲಿ ಅವರ ಪಾತ್ರವನ್ನು ಇಲ್ಲಿ ವಿವರಿಸಬೇಕಾಗಿಲ್ಲ. 2023ರಲ್ಲಿ ಅವರು ತೀರಿಕೊಂಡರು. 2024ರಲ್ಲಿ ಭಾರತರತ್ನ ಸಂದಿತು.

ಆ ಕ್ರಾಂತಿಯ ಇನ್ನೊಬ್ಬ ನಾಯಕರಾದ ಅಮೆರಿಕದ ನಾರ್ಮನ್ ಬೋರ್ಲಾಗ್ ರೈತ ಕುಟುಂಬದವರು. 1937ರಲ್ಲಿ ಅವರು ಪಡೆದ ಪದವಿ ಅರಣ್ಯಶಾಸ್ತ್ರದ್ದು. ನಂಬಿದ್ದ ಅರಣ್ಯ ಇಲಾಖೆಯ ನೌಕರಿ ಹಣದ ಕೊರತೆಯಿಂದ ಕೈತಪ್ಪಿತು. ಅದೇ ಸುಮಾರಿಗೆ ಗೋಧಿಯ ತುಕ್ಕು ರೋಗದ ಮೇಲೆ ಪ್ರೊಫೆಸರ್ ಸ್ಟಾಕ್‌ಮನ್ ಅವರ ಉಪನ್ಯಾಸ ಕೇಳಿ, ಸಸ್ಯರೋಗ ಶಾಸ್ತ್ರಕ್ಕೆ ಹೊರಳಿದರು. 1942ರಲ್ಲಿ ಡಾಕ್ಟರೇಟ್ ಪಡೆದು, ಮೆಕ್ಸಿಕೋದಲ್ಲಿ ತುಕ್ಕು ನಿರೋಧಕ ಗಿಡ್ಡ ಗೋಧಿ ತಳಿಗಳನ್ನು ಬೆಳೆಸಿದರು. 1970ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಬಂದಿತು.

ನಮ್ಮ ಜಿಲ್ಲೆಯವರನ್ನೇ ಹೇಳುವುದಾದರೆ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿ ಅಧ್ಯಾಪಕರಾಗದೆ ಮೂಡಿಗೆರೆಯ ಕಡೆ ಕಾಫಿ ಕೃಷಿಗೆ ಇಳಿದರು. ತೋಟದಲ್ಲಿ ಕಂಡ ಹಕ್ಕಿ, ಹುಳು, ಕಾಡುಗಳ ವಿಷಯವನ್ನು ಕನ್ನಡದ ಓದುಗರಿಗೆ ತಲುಪಿಸಿದರು. ಸಾಹಿತ್ಯದ ಓದು ಇಲ್ಲದಿದ್ದರೆ ಆ ಬರಹವಿಲ್ಲ. ತೋಟವಿಲ್ಲದಿದ್ದರೂ ಆ ಬರಹವಿಲ್ಲ.

ಇವರೆಲ್ಲ ದೊಡ್ಡವರು, ನಮ್ಮ ಮಕ್ಕಳಿಗೆ ಹೋಲಿಕೆ ಎಲ್ಲಿಯದು ಎಂದು ತಾವು ಕೇಳಬಹುದು. ಸರಿ, ಹತ್ತಿರದ್ದನ್ನೇ ನೋಡೋಣ. ಬಿ.ಎಸ್ಸಿ. ಕೃಷಿ ಮುಗಿಸಿದ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಬ್ಯಾಂಕುಗಳಲ್ಲಿ ಕೃಷಿ ಅಧಿಕಾರಿಗಳಾಗಿದ್ದಾರೆ, ಕಂದಾಯ ಇಲಾಖೆಯಲ್ಲಿದ್ದಾರೆ, ಪೊಲೀಸ್ ಅಧಿಕಾರಿಗಳಾಗಿದ್ದಾರೆ. ಅವರೂ ಓದಿದ ವಿಷಯ ಬಿಟ್ಟವರೇ. ಅವರ ತಂದೆ ತಾಯಿ ಇದನ್ನು ನಷ್ಟವೆನ್ನುವುದಿಲ್ಲ. ಕೃಷಿ ಬಿಟ್ಟು ಹೋಗುವುದು ಏಳಿಗೆ, ಕೃಷಿಗೆ ಬರುವುದು ಸೋಲು ಎಂದು ನಾವೇ ಮಕ್ಕಳಿಗೆ ಕಲಿಸುತ್ತಿದ್ದೇವೆಯೇ ಎಂಬುದನ್ನು ಯೋಚಿಸಬೇಕು.

ವರ್ಷ ಮತ್ತು ಹಣದ ಲೆಕ್ಕ

ಈಗ ಬಸಿಗಾಲುವೆಯ ಖರ್ಚಿಗೆ ಬರೋಣ. ಬಿ.ಎಸ್ಸಿ. (ಆನರ್ಸ್) ಕೃಷಿ ಪದವಿ 4 ವರ್ಷಗಳದು. ಇದಕ್ಕೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ರೈತರ ಮಕ್ಕಳಿಗೆ ಪ್ರತ್ಯೇಕ ಮೀಸಲು ಸೀಟುಗಳಿವೆ. ಅದಕ್ಕಾಗಿ ಬೀಜ, ಉಪಕರಣ ಮುಂತಾದವುಗಳನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ.

ಪಿ.ಯು.ಸಿ.ಯಲ್ಲಿ ಈ ವಿಷಯಗಳನ್ನು ಓದಿ, ನಂತರ ಬಿ.ಎಸ್ಸಿ. ಮುಗಿಸಿದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಆದರೆ ಮೊದಲ ಪದವಿಯಿಂದ ವರ್ಷಗಳೇನೂ ಕಡಿಮೆಯಾಗುವುದಿಲ್ಲ. ಮೊದಲ ವರ್ಷದಿಂದಲೇ ಆರಂಭಿಸಬೇಕು. 21ನೆಯ ವಯಸ್ಸಿಗೆ ಸೇರಿದರೆ 25ಕ್ಕೆ ಮುಗಿಯುತ್ತದೆ. ಕಲಾ ಅಥವಾ ವಾಣಿಜ್ಯ ವಿಭಾಗದವರಾದರೆ ವಿಜ್ಞಾನ ವಿಷಯಗಳಲ್ಲಿ ಪಿ.ಯು. ಮತ್ತೆ ಓದಬೇಕು. 2 ವರ್ಷ ಅದಕ್ಕೆ, 4 ವರ್ಷ ಪದವಿಗೆ, ಒಟ್ಟು 6 ವರ್ಷ. 21ಕ್ಕೆ ಆರಂಭಿಸಿದರೆ 27ಕ್ಕೆ ಮುಗಿಯುತ್ತದೆ. ಇದು ಅಡಿಕೆ ಸಸಿ ನೆಟ್ಟು ಮೊದಲ ಫಸಲು ಕಾಣುವಷ್ಟು ಕಾಲ. ಅಸಾಧ್ಯವೇನಲ್ಲ. ಆದರೆ ಮನೆಯ ಪರಿಸ್ಥಿತಿ ಅಷ್ಟು ಕಾಲ ತಾಳಬೇಕು.

ಕೃಷಿ ವಿಷಯಗಳ ಎಂ.ಎಸ್ಸಿ. ಪ್ರವೇಶಕ್ಕೆ ಸಾಮಾನ್ಯವಾಗಿ ಕೃಷಿ ಅಥವಾ ಸಂಬಂಧಿಸಿದ ಪದವಿಯೇ ಬೇಕು. ಬಿ.ಎ., ಬಿ.ಕಾಂ. ಪದವೀಧರರು ನೇರವಾಗಿ ಸೇರಲು ಬರುವುದಿಲ್ಲ. ಅಂದು ಸಂಜೆ ನಾನು ಹೇಳಿದ್ದು ಈ ಮಟ್ಟಿಗೆ ಸರಿ. ಆದರೆ ಕೃಷಿಗೆ ಬೇಕಾದ ಓದು ಕೃಷಿ ಕಾಲೇಜಿನ ಗೋಡೆಯೊಳಗೆ ಮಾತ್ರ ಇಲ್ಲ.

ಬೇರೆ ಬಾಗಿಲುಗಳು

1. ಯಾವುದೇ ಪದವಿಯ ನಂತರ ಸೇರಬಹುದಾದ ಸ್ನಾತಕೋತ್ತರ ಓದುಗಳಿವೆ. ಗ್ರಾಮೀಣಾಭಿವೃದ್ಧಿ, ಸಹಕಾರ, ವ್ಯವಹಾರ ನಿರ್ವಹಣೆ ಇಂತಹವು. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಷಯಕ್ಕೆಂದೇ ಒಂದು ವಿಶ್ವವಿದ್ಯಾಲಯವಿದೆ. ನಮ್ಮ ಜಿಲ್ಲೆಯ ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯವಿದೆ. ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದಿದವರು ಅದನ್ನೇ ಮುಂದುವರಿಸಿ ಕೃಷಿ ಮಾರುಕಟ್ಟೆಯತ್ತ, ನೀರಿನ ಅರ್ಥಶಾಸ್ತ್ರದತ್ತ ಹೊರಳಬಹುದು. ಇದು 2 ವರ್ಷಗಳ ಮಾತು, 6 ವರ್ಷಗಳದ್ದಲ್ಲ.

2. ಮನೆಯಲ್ಲಿದ್ದುಕೊಂಡೇ ಓದುವವರಿಗೆ ದೂರ ಶಿಕ್ಷಣವಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಸಾವಯವ ಕೃಷಿಯಲ್ಲಿ 6 ತಿಂಗಳ ಸರ್ಟಿಫಿಕೇಟ್ ಕೋರ್ಸನ್ನು ರೂಪಿಸಿದೆ, ಪಿ.ಯು.ಸಿ. ಆದವರು ಸೇರಬಹುದು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ದೂರ ಶಿಕ್ಷಣ ಘಟಕದಲ್ಲಿಯೂ ವಿಚಾರಿಸಬಹುದು. ಏಕಕಾಲಕ್ಕೆ ಎರಡು ಪದವಿಗಳನ್ನು ಓದಲು ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಅವಕಾಶ ಕಲ್ಪಿಸಿದೆ ಎಂಬುದನ್ನೂ ಇನ್ನೂ ಕಾಲೇಜಿನಲ್ಲಿರುವ ಮಕ್ಕಳು ಗಮನಿಸಬೇಕು.

3. ಗೊಬ್ಬರ, ಕೀಟನಾಶಕ ಮಾರುವ ಪರವಾನಗಿಗೆ ಈಗ ನಿಗದಿತ ವಿದ್ಯಾರ್ಹತೆ ಬೇಕು. ಅಂಗಡಿ ನಡೆಸುತ್ತಿರುವ ಪರಿಕರ ಮಾರಾಟಗಾರರಿಗಾಗಿ ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯು 2003ರಲ್ಲಿ ಒಂದು ವರ್ಷದ ಡಿಪ್ಲೊಮಾ ಆರಂಭಿಸಿತು. ‘ದೇಸಿ’ ಎಂದು ಕರೆಯುವ ಈ ಕೋರ್ಸಿಗೆ ವಾರಕ್ಕೊಂದು ದಿನ ಪಾಠ, ನಡುವೆ ಕ್ಷೇತ್ರ ಭೇಟಿ.

4. ಅಲ್ಪಾವಧಿಯ ತರಬೇತಿಯನ್ನು ಕಡೆಗಣಿಸಬಾರದು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಈಗ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಿವೆ. ಹೈನುಗಾರಿಕೆ, ಜೇನು, ಅಣಬೆ ಮುಂತಾದವುಗಳಲ್ಲಿ ಊಟ ವಸತಿ ಸಹಿತ ಉಚಿತ ತರಬೇತಿ ಸಿಗುತ್ತದೆ. ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ತರಬೇತಿಗಳು ನಡೆಯುತ್ತವೆ. ನೆರೆಯ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೇ ಇದೆ.

5. ಕೃಷಿ ಪದವೀಧರರು ಸ್ವಂತ ಸೇವಾ ಕೇಂದ್ರ ತೆರೆಯಲು 2002ರಲ್ಲಿ ಆರಂಭವಾದ ಅಗ್ರಿ ಕ್ಲಿನಿಕ್ ಯೋಜನೆ ಇದೆ. ಜೀವಶಾಸ್ತ್ರದ ಪದವಿ ಪಡೆದು ನಂತರ ಕೃಷಿ ಸಂಬಂಧಿತ ಸ್ನಾತಕೋತ್ತರ ಓದು ಮುಗಿಸಿದವರನ್ನೂ ಅದರಲ್ಲಿ ಸೇರಿಸಿಕೊಳ್ಳಲಾಗಿದೆ. ದಾರಿ ಬದಲಿಸಿದವರಿಗೆ ಸರ್ಕಾರವೇ ಇಟ್ಟ ಒಂದು ಬಾಗಿಲು ಇದು.

ಪ್ರತಿಯೊಂದು ಕೋರ್ಸಿನ ಅರ್ಹತೆ, ವಯೋಮಿತಿ, ಶುಲ್ಕ ಇವು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆಯಾ ವರ್ಷದ ಪ್ರಕಟಣೆಯನ್ನು ಓದಿಯೇ ಮುಂದಿನ ಹೆಜ್ಜೆ ಇಡಬೇಕು.

ಹಳೆಯ ಓದಿನ ಉಪಯೋಗ

ಬಿ.ಎ., ಬಿ.ಕಾಂ. ಓದಿದವರಿಂದ ಕೃಷಿಗೆ ಏನು ಪ್ರಯೋಜನ ಎಂದು ಕೇಳುವವರಿಗೆ ಒಂದು ಮಾತು. ನಮ್ಮ ಹಳ್ಳಿಗಳಲ್ಲಿ ಭತ್ತ ಬೆಳೆಯಲು ಬರುವವರಿಗೆ ಕೊರತೆಯಿಲ್ಲ. ಒಂದು ಕ್ವಿಂಟಾಲ್ ಭತ್ತ ಬೆಳೆಯಲು ತಗುಲಿದ ಖರ್ಚೆಷ್ಟು ಎಂದು ಕೇಳಿದರೆ ಹೇಳುವವರ ಕೊರತೆ ಇದೆ. ನೀರು ಬಳಕೆದಾರರ ಸಂಘದ ನಡವಳಿ ಬರೆಯುವವರು ಬೇಕು. ರೈತ ಉತ್ಪಾದಕ ಕಂಪನಿಯ ಲೆಕ್ಕ ಇಡುವವರು ಬೇಕು. ಬೆಳೆ ವಿಮೆಯ ಅರ್ಜಿಯ ಸಣ್ಣ ಅಕ್ಷರಗಳನ್ನು ಓದಿ ಹೇಳುವವರು ಬೇಕು. ಅಡಿಕೆಯ ಧಾರಣೆಯನ್ನು ವರ್ಷವಿಡೀ ಬರೆದಿಟ್ಟು, ಯಾವ ತಿಂಗಳು ಮಾರಿದರೆ ಮೇಲು ಎಂದು ತಂದೆಗೆ ತೋರಿಸುವವರು ಬೇಕು. ಇವೆಲ್ಲ ವಾಣಿಜ್ಯ, ಅರ್ಥಶಾಸ್ತ್ರ, ಭಾಷೆ ಓದಿದವರ ಕೆಲಸ. ಅದಕ್ಕೆ ಮಣ್ಣು, ಬೆಳೆ, ರೋಗಗಳ ತಿಳಿವಳಿಕೆ ಸೇರಿದರೆ ಅಂತಹವರು ನಮ್ಮ ಎಷ್ಟೋ ಕೃಷಿ ಪದವೀಧರರಿಗಿಂತ ಹಳ್ಳಿಗೆ ಹೆಚ್ಚು ಉಪಯುಕ್ತರಾಗುತ್ತಾರೆ. ನಾನು ಬೇಸಾಯಶಾಸ್ತ್ರದಲ್ಲೇ ಮೂರು ಪದವಿ ಪಡೆದವನು. ಆದರೂ ಮಾರುಕಟ್ಟೆಯ ಲೆಕ್ಕ ಬಂದಾಗ ಪಕ್ಕದ ಕೋಣೆಯ ಅರ್ಥಶಾಸ್ತ್ರಜ್ಞರನ್ನು ಕೇಳಿಯೇ ರೈತರಿಗೆ ಉತ್ತರಿಸುತ್ತೇನೆ.

ತಂದೆ ತಾಯಂದಿರು ಗಮನಿಸಬೇಕಾದ ಅಂಶಗಳು

ಅ) ಬೇಸರದಿಂದ ಬದಲಿಸುತ್ತಿದ್ದಾರೆಯೇ, ಆಸಕ್ತಿಯಿಂದ ಬದಲಿಸುತ್ತಿದ್ದಾರೆಯೇ ತಿಳಿದುಕೊಳ್ಳಿ. ಪರೀಕ್ಷಿಸುವ ವಿಧಾನ ಸುಲಭ. ಒಂದು ಹಂಗಾಮು ಪೂರ್ತಿ, ಬಿತ್ತನೆಯಿಂದ ಒಕ್ಕಣೆಯವರೆಗೆ, ಅರ್ಧ ಎಕರೆಯ ಜವಾಬ್ದಾರಿ ವಹಿಸಿ. ಖರ್ಚು ಆದಾಯ ಬರೆದಿಡಲು ಹೇಳಿ. ಆನಂತರವೂ ಆಸೆ ಉಳಿದಿದ್ದರೆ ಅದು ಗಟ್ಟಿ.

ಆ) ಜಮೀನಿನ ಮೇಲೆ ಸಾಲ ತೆಗೆದು ದುಬಾರಿ ಸೀಟು ಕೊಳ್ಳುವ ಆತುರ ಬೇಡ. ಮೊದಲು ಕಡಿಮೆ ಖರ್ಚಿನ ಮೆಟ್ಟಿಲು ಹತ್ತಲಿ. ಆರು ತಿಂಗಳ ಕೋರ್ಸಿನಲ್ಲಿ ನಿಲ್ಲದವರು ಆರು ವರ್ಷ ನಿಲ್ಲುವುದು ಕಷ್ಟ.

ಇ) ಎಳೆಯ ಅಡಿಕೆಯ ನಡುವೆ ಬಾಳೆ ಹಾಕುವಂತೆ, ದೀರ್ಘ ಓದಿನ ನಡುವೆ ಸಣ್ಣ ಆದಾಯವೊಂದಿರಲಿ. ಎರಡು ಹಸು, ಸಣ್ಣ ನರ್ಸರಿ, ಸಂಘದ ಲೆಕ್ಕಪತ್ರ, ಯಾವುದಾದರೂ ಆಗಬಹುದು.

ಈ) ಹೆಣ್ಣುಮಕ್ಕಳ ವಿಷಯದಲ್ಲಿ ‘ಇನ್ನೆಷ್ಟು ಓದು’ ಎಂಬ ಮಾತು ಬೇಗ ಬರುತ್ತದೆ. ನಾಟಿ, ಕಳೆ, ಕೊಯ್ಲು, ಹೈನು, ಇವುಗಳಲ್ಲಿ ಹೆಚ್ಚಿನ ಕೆಲಸ ಅವರದೇ. ಕೆಲಸ ಮಾಡುವವರಿಗೆ ಅದರ ಶಾಸ್ತ್ರ ಕಲಿಯುವ ಹಕ್ಕು ಮೊದಲು ಬರಬೇಕು.

ಉ) ಶುಂಠಿ ಕೊಳೆತ ಮಣ್ಣಿಗೆ ಮರುವರ್ಷವೂ ಶುಂಠಿ ಹಾಕಿದರೆ ಏನಾಗುತ್ತದೆಂದು ತಮಗೆ ಗೊತ್ತು. ಮೂರು ವರ್ಷ ಕಳೆದಾಯಿತೆಂಬ ಒಂದೇ ಕಾರಣಕ್ಕೆ ಒಗ್ಗದ ವಿಷಯದಲ್ಲೇ ಮುಂದುವರಿಯುವಂತೆ ಒತ್ತಾಯಿಸಬೇಡಿ.

ಕೊನೆಯ ಮಾತು

ಅಂಬ್ಲಿಗೊಳದ ಆ ಯಜಮಾನರಿಗೆ ಅಂದು ನಾನು ಹೀಗೆ ಹೇಳಬೇಕಾಗಿತ್ತು: “ನಿಮ್ಮ ಮಗಳಿಗೆ ಕೃಷಿ ಪದವಿ ಬೇಕೇ ಬೇಕೆಂದರೆ ಆರು ವರ್ಷ ಹಿಡಿಯುತ್ತದೆ. ಕೃಷಿಯ ತಿಳಿವಳಿಕೆ ಬೇಕೆಂದರೆ ಈ ವರ್ಷವೇ ಆರಂಭಿಸಬಹುದು. ಎರಡರಲ್ಲಿ ಯಾವುದು ಎಂದು ಆಕೆಯನ್ನೇ ಕೇಳಿ. ಬಿ.ಎ. ಓದಿದ್ದು ವ್ಯರ್ಥವಾಗಿಲ್ಲ. ಇಂದಿನ ಕ್ಷೇತ್ರೋತ್ಸವವನ್ನು ಬರೆದುಕೊಂಡದ್ದು ಆಕೆಯೊಬ್ಬಳೇ.”

ಈ ಲೇಖನ ಅವರ ಕೈ ಸೇರುತ್ತದೆಂದು ನಂಬಿದ್ದೇನೆ. ಇಂತಹ ಮಕ್ಕಳಿರುವ ಇತರ ರೈತ ಬಾಂಧವರೂ ಅಂಕಪಟ್ಟಿಗಳೊಂದಿಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ಬಂದು ವಿಚಾರಿಸಬಹುದು. ಬರುವಾಗ ಮಗನನ್ನೋ ಮಗಳನ್ನೋ ಜೊತೆಗೆ ಕರೆತನ್ನಿ. ಪ್ರಶ್ನೆಯನ್ನು ಅವರೇ ಕೇಳಲಿ.